ಮೂವರು ಕ್ಯಾಪ್ಟನ್‌ಗಳು ಮತ್ತು ಒಂದು ಉದ್ದ ಬದನೆ

ನಾನು ನಿವೃತ್ತಳಾದ ಶಾಲೆಗೆ ಈ ವರ್ಷ ಹೊಸದಾಗಿ ಸೇರಿದ ಇಂಗ್ಲಿಷ್ ಟೀಚರ್ ಮೊನ್ನೆ ಫೋನ್ ಮಾಡಿದ್ದಳು. "ಮೇಡಂ, ಅಡ್ಜೆಕ್ಟಿವ್ ಪಾಠಕ್ಕೆ ನಿಮ್ಮ ನೋಟ್ಸ್ ಉಂಟಾ? ಮುಂದಿನ ವಾರ ಮಾಡ್ಲಿಕ್ಕೆ ಉಂಟು" ಎಂದಳು. ನೋಟ್ಸ್ ಇದೆ. ವರ್ಷಗಟ್ಟಲೆ ಅದೊಂದೇ ಪುಸ್ತಕದಲ್ಲಿ ಕಾಲ ಹಾಕಿದ್ದೇನೆ, ಅದರ ಬೆನ್ನಿಗೆ ಮೂರು ಸಲ ಅಂಟು ಹಚ್ಚಿದ್ದೇನೆ. ಆದರೆ ಕೊಡುವುದಿಲ್ಲ ಎಂದುಬಿಟ್ಟೆ. ಪಾಪ, ನನ್ನನ್ನು ಜಿಪುಣಿ ಎಂದುಕೊಂಡಿರಬೇಕು. ಯಾಕೆ ಕೊಡಲಿಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಉಳಿದವರೂ ಓದಬಹುದು. ಬಡ್ತಿ, ಪ್ರಶಸ್ತಿಗಳ ಸಮಾಚಾರ ಇದರಲ್ಲಿಲ್ಲ. ನನಗೆ ಸಿಕ್ಕಿದ್ದೂ ಅಷ್ಟಕ್ಕಷ್ಟೆ.

ನನ್ನ ಮೊದಲ ಕೆಲಸ ಕಾರ್ಕಳದಲ್ಲಿ. ಅಲ್ಲಿನ ಹೆಡ್‌ಮಾಸ್ಟ್ರು ಇಂಗ್ಲಿಷ್ ವ್ಯಾಕರಣದಲ್ಲಿ ಪಳಗಿದವರು. ಅವರ ಕ್ರಮದಲ್ಲಿ ಪಾಠವೆಂದರೆ ಒಕ್ಕೊರಲಿನ ಪಠಣ. "ಅಡ್ಜೆಕ್ಟಿವ್ ಎಂದರೇನು?" ಎಂದು ಅವರು ಗುಡುಗಿದರೆ, "ನಾಮಪದದ ಗುಣ, ಪ್ರಮಾಣ, ಸಂಖ್ಯೆ ತಿಳಿಸುವ ಪದ" ಎಂದು ಅರುವತ್ತು ಮಕ್ಕಳು ಒಟ್ಟಿಗೆ ಕೂಗುತ್ತಿದ್ದರು. ಆಮೇಲೆ ವಿಧಗಳು ಒಂದರ ಹಿಂದೆ ಒಂದು ಬರುತ್ತಿದ್ದವು: ಗುಣ ಹೇಳುವುದು, ಎಷ್ಟು ಎಂದು ಹೇಳುವುದು, ಎಷ್ಟನೆಯದು ಎಂದು ಹೇಳುವುದು, ಬೆರಳು ತೋರಿಸುವುದು, ಪ್ರಶ್ನೆ ಕೇಳುವುದು, ಯಾರದ್ದು ಎಂದು ಹೇಳುವುದು. ಗುಣ ಹೇಳುವುದಕ್ಕೆ ಉದಾಹರಣೆ 'ರಾಮ ಈಸ್ ಎ ಟಾಲ್ ಬಾಯ್.' ಕಿಟಕಿಯ ಆಚೆ ಬೆಟ್ಟದ ಮೇಲೆ ಅಷ್ಟೆತ್ತರದ ಗೊಮ್ಮಟ ಕಾಣುತ್ತಿದ್ದ. ತರಗತಿಯಲ್ಲಿದ್ದ ಒಬ್ಬನೇ ಒಬ್ಬ ರಾಮ ಎಲ್ಲರಿಗಿಂತ ಗಿಡ್ಡ, ಬೆಂಚಿನಲ್ಲಿ ಕುಳಿತರೆ ಅವನ ತಲೆ ಮಾತ್ರ ಕಾಣುತ್ತಿತ್ತು. ಅವನೂ ಗಂಟಲು ಹರಿಯುವ ಹಾಗೆ 'ರಾಮ ಈಸ್ ಎ ಟಾಲ್ ಬಾಯ್' ಎನ್ನುತ್ತಿದ್ದ. ಇದರಲ್ಲಿ ಏನೋ ಎಡವಟ್ಟು ಉಂಟೆಂದು ನನಗೆ ಆಗ ಹೊಳೆಯಲಿಲ್ಲ. ನಾನೂ ಅದೇ ನೋಟ್ಸ್ ಬರೆದುಕೊಂಡೆ.

ಕಾಪುವಿನ ಆಚೆಯ ಹೈಸ್ಕೂಲಿಗೆ ನನಗೆ ವರ್ಗವಾದಾಗ ಹೆಡ್‌ಮಾಸ್ಟ್ರು ಒಂದು ಹಾಳೆಯನ್ನು ಮಡಚಿ ಕೈಯಲ್ಲಿಟ್ಟರು. ಮಕ್ಕಳಿಗೆ ಇಂಗ್ಲಿಷಿನಲ್ಲಿ ಗುಣನಡತೆಯ ಪತ್ರ ಬರೆದುಕೊಡುವ ಮಾದರಿ ಅದು. 'ಸಿನ್ಸಿಯರ್, ಒಬೀಡಿಯಂಟ್, ಪಂಕ್ಚುವಲ್, ಹಾರ್ಡ್‌ವರ್ಕಿಂಗ್' ಎಂದು ನಾಲ್ಕು ಗುಣಗಳು ಸಾಲಾಗಿ ನಿಂತಿದ್ದವು. "ಊರಿನವರು ಪತ್ರಕ್ಕೆ ಬಂದೇ ಬರ್ತಾರೆ ಟೀಚರ್. ತಲೆ ಕೆಡಿಸ್ಕೊಳ್ಬೇಡಿ. ಹೆಸರು ಮಾತ್ರ ಬದಲು ಮಾಡಿದ್ರೆ ಆಯ್ತು" ಎಂದರು. ಅವರು ನನಗೆ ಕೊಟ್ಟ ಉಪದೇಶಗಳಲ್ಲಿ ನಾನು ಚಾಚೂ ತಪ್ಪದೆ ಪಾಲಿಸಿದ್ದು ಇದೊಂದನ್ನೇ.

ಊರಿನವರು ಬಂದರು. ಗಲ್ಫಿಗೆ ಹೋಗುವವರು, ಕಾಲೇಜಿಗೆ ಸೇರುವವರು, ಬೋಟಿನ ಕೆಲಸ ಬಿಟ್ಟು ಹೋಟೆಲಿಗೆ ಸೇರುವವರು, ಎಲ್ಲರಿಗೂ ಲಲಿತಾ ಟೀಚರ್ ಪತ್ರ ಬೇಕು. ಕೈಯಲ್ಲಿ ಬರೆದು ಬರೆದು ಬೆರಳು ನೋಯಲು ಶುರುವಾದಾಗ ಕಟಪಾಡಿಯ ಜೆರಾಕ್ಸ್ ಅಂಗಡಿಯ ಹರೀಶ ಸಹಾಯಕ್ಕೆ ನಿಂತ. ಮಾದರಿಯನ್ನು ಅವನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ 'ಲಲಿತಾ ಟೀಚರ್ ಗುಡ್' ಎಂಬ ಹೆಸರಿನಲ್ಲಿ ಇಟ್ಟುಕೊಂಡ. ಮಕ್ಕಳು ನೇರ ಅವನ ಅಂಗಡಿಗೆ ಹೋಗಿ ಹೆಸರು ಹೇಳುವುದು, ಅವನು ಹೆಸರು ತುಂಬಿಸಿ ಪ್ರಿಂಟ್ ತೆಗೆಯುವುದು, ನಾನು ಬಸ್ಸಿಗೆ ಕಾಯುತ್ತಾ ಅಲ್ಲೇ ಸಹಿ ಹಾಕುವುದು. ಅಲೆವೂರಿನ ನನ್ನ ಮನೆಗೆ ಹೋಗಬೇಕಾದರೆ ಕಟಪಾಡಿಯಲ್ಲಿ ಇಳಿದು ಬಸ್ಸು ಬದಲಿಸಬೇಕಿತ್ತು. ಆ ಹತ್ತು ನಿಮಿಷದಲ್ಲಿ ಎಷ್ಟು ಮಂದಿಯನ್ನು ಸಿನ್ಸಿಯರ್ ಮಾಡಿದ್ದೇನೋ ದೇವರಿಗೇ ಗೊತ್ತು.

ಪಾಠದಲ್ಲಿ ನಾನು ಹಾಗಿರಲಿಲ್ಲ ಎಂದು ಹೇಳಿಕೊಳ್ಳಲು ಒಂದೆರಡು ಸಾಕ್ಷಿಗಳಿವೆ. ಪಠಣ ಕೇಳಿ ಕೇಳಿ ನನಗೇ ತೂಕಡಿಕೆ ಬಂದ ಒಂದು ಮಧ್ಯಾಹ್ನ, "ಎಲ್ಲ ಪುಸ್ತಕ ಮುಚ್ಚಿ. ಬೆಳಿಗ್ಗೆ ಬಸ್ಸಿಗೆ ಹತ್ತಿದ್ದನ್ನು ಹೇಳಿ" ಎಂದೆ. ಒಂದೊಂದು ಮಗುವೂ ಒಂದೊಂದು ಹೇಳಿತು. ಯಾವ ಬಸ್ಸು, ಆ ಬಸ್ಸು, ಎರಡನೆಯ ಟ್ರಿಪ್ಪು, ತುಂಬಾ ಜನ, ಪ್ರತಿ ಸ್ಟಾಪು, ನನ್ನ ಸೀಟು, ಸಿಟ್ಟಿನ ಕಂಡಕ್ಟರ್. ಎಲ್ಲ ವಿಧಗಳೂ ಒಂದೇ ಬಸ್ಸಿನಲ್ಲಿ ಬಂದು ಇಳಿದವು. ಅಡ್ಜೆಕ್ಟಿವ್ ನಾಮಪದದ ಮುಂದೆಯೂ ನಿಲ್ಲಬಹುದು, ಕ್ರಿಯಾಪದ ಕಳೆದು ಹಿಂದೆಯೂ ನಿಲ್ಲಬಹುದು ಎಂಬುದನ್ನು ಬಸ್ಸಿನ ಎರಡು ಬಾಗಿಲು ತೋರಿಸಿ ಹೇಳಿದೆ. ಅದನ್ನು ಯಾವ ಮಗುವೂ ಮರೆಯಲಿಲ್ಲ.

ಹುಮ್ಮಸ್ಸು ಬಂದು ಮರುದಿನ ಹೋಲಿಕೆಯ ಪಾಠಕ್ಕೂ ಹೀಗೇ ಕೈ ಹಾಕಿದೆ. ಕಣ್ಣಿಗೆ ಕಂಡದ್ದನ್ನು ಹೋಲಿಸಿ ಬರೆಯಿರಿ ಎಂದೆ. 'ನಮ್ಮ ಹೆಡ್‌ಮಾಸ್ಟರ್ ಶಾಲೆಯ ಬೆಲ್ಲಿಗಿಂತ ಜೋರು' ಎಂದು ಒಬ್ಬ ಬೋರ್ಡಿನ ಮೇಲೆ ಬರೆದ. ಲೌಡರ್ ದ್ಯಾನ್, ವಾಕ್ಯ ಒಂದು ಕೂದಲೆಳೆಯೂ ತಪ್ಪಿರಲಿಲ್ಲ. ಕಾಪುವಿನ ಹೆಡ್‌ಮಾಸ್ಟ್ರು ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದರು. ಅವರು ಜೋರಾಗಿ ಏನೂ ಹೇಳಲಿಲ್ಲ, ಹದಿನೈದು ದಿವಸ ನನ್ನೊಡನೆ ಮಾತೇ ಆಡಲಿಲ್ಲ. ನಾನು ಹೆದರಿ ಮತ್ತೆ ಪುಸ್ತಕಕ್ಕೆ ಮರಳಿದೆ.

ಆ ವರ್ಷಗಳಲ್ಲೇ ಒಂಬತ್ತನೆಯ ತರಗತಿಗೆ ಪ್ರಮೀಳಾ ಬಂದಳು. ಉಚ್ಚಿಲದ ಹುಡುಗಿ, ತಾಯಿ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಹೋಗುವವರು. ದಿನಾ ತಡ. ಬಂದಮೇಲೆ ದಿನಾ ವಾದ. "ಎಂತಕ್ಕೆ ಲೇಟ್?" ಎಂದರೆ "ಕೆಲಸ ಇತ್ತು ಟೀಚರ್" ಎನ್ನುವಳು. "ಎಂತ ಕೆಲಸ?" ಎಂದು ನಾನು ಯಾವತ್ತೂ ಮುಂದಕ್ಕೆ ಕೇಳಲಿಲ್ಲ. ಜಗಲಿಯಲ್ಲಿ ನಿಲ್ಲಿಸುತ್ತಿದ್ದೆ. ಅಲ್ಲಿಂದಲೂ ಕಿಟಕಿಯ ಮೂಲಕ ನನ್ನ ಸ್ಪೆಲಿಂಗ್ ತಿದ್ದುತ್ತಿದ್ದಳು.

ಒಂದು ದಿನ ವಿಷಯ ಪರಿವೀಕ್ಷಕರು ಪಾಠ ನೋಡಲು ಬರುತ್ತಾರೆಂದು ಪತ್ರ ಬಂತು. ಇಂಥ ಪತ್ರ ಬಂದರೆ ನಮ್ಮ ಕಡೆ ಪಾಠವನ್ನು ಮೊದಲೇ ಮಾಡಿ, ಮಕ್ಕಳಿಗೆ ಬಾಯಿಪಾಠ ಮಾಡಿಸಿ, ಅವರು ಬಂದ ದಿನ ಹೊಸತೆಂಬಂತೆ ಇನ್ನೊಮ್ಮೆ ಮಾಡುವುದು ವಾಡಿಕೆ. ನೀವೂ ಮಾಡುತ್ತೀರಿ, ಇಲ್ಲ ಎನ್ನಬೇಡಿ. ನಾನು ಆರಿಸಿದ ವಸ್ತು ಮಟ್ಟುಗುಳ್ಳ, ನಮ್ಮ ಕಡೆಯ ಹೆಸರುವಾಸಿ ದುಂಡು ಬದನೆ. ಒಂದು ಚಂದದ ಗುಳ್ಳವನ್ನು ಮೇಜಿನ ಮೇಲಿಟ್ಟು, 'ದಿಸ್ ಈಸ್ ಎ ಸ್ಮಾಲ್ ರೌಂಡ್ ಗ್ರೀನ್ ಬ್ರಿಂಜಾಲ್' ಎಂದು ನಾಲ್ಕು ದಿವಸ ಹೇಳಿಸಿದೆ. ಗಾತ್ರ ಮೊದಲು, ಆಮೇಲೆ ಆಕಾರ, ಆಮೇಲೆ ಬಣ್ಣ. ಮಕ್ಕಳು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುವಷ್ಟು ಗಟ್ಟಿಯಾದರು.

ಪರಿವೀಕ್ಷಕರು ಬಂದ ಬೆಳಿಗ್ಗೆ ಮೇಜಿನ ಮೇಲೆ ಗುಳ್ಳ ಇರಲಿಲ್ಲ. ಬಿಸಿಯೂಟದ ಗಿರಿಜಕ್ಕ, ಅಧಿಕಾರಿಗಳಿಗೆ ಒಳ್ಳೆಯ ಸಾಂಬಾರು ಆಗಲಿ ಎಂದು, ಸ್ಟಾಫ್ ರೂಮಿನಲ್ಲಿಟ್ಟಿದ್ದ ಗುಳ್ಳವನ್ನು ಹೆಚ್ಚಿ ಹಾಕಿಬಿಟ್ಟಿದ್ದರು. ನಾನು ಕಂಗಾಲಾಗಿ ಅಟೆಂಡರನ್ನು ಅಂಗಡಿಗೆ ಓಡಿಸಿದೆ. "ಬದನೆ ತನ್ನಿ" ಎಂದೆನೇ ಹೊರತು ಎಂಥದ್ದೆಂದು ಹೇಳಲಿಲ್ಲ. ಅಡ್ಜೆಕ್ಟಿವ್ ಕಲಿಸುವವಳು ಬೇಕಾದ ಹೊತ್ತಿಗೆ ಒಂದೇ ಒಂದು ಅಡ್ಜೆಕ್ಟಿವ್ ಬಳಸಲಿಲ್ಲ. ಅವರು ತಂದು ಮೇಜಿನ ಮೇಲಿಟ್ಟದ್ದು ಗೇಣುದ್ದದ ನೇರಳೆ ಬದನೆ. ಪರಿವೀಕ್ಷಕರು ಆಗಲೇ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು.

"ಇದು ಏನು ಮಕ್ಕಳೇ?" ಎಂದೆ. ಐವತ್ತು ಮಕ್ಕಳು ಆ ಉದ್ದ ನೇರಳೆ ಬದನೆಯನ್ನೇ ನೋಡುತ್ತಾ, "ದಿಸ್ ಈಸ್ ಎ ಸ್ಮಾಲ್ ರೌಂಡ್ ಗ್ರೀನ್ ಬ್ರಿಂಜಾಲ್!" ಎಂದು ಮಾಡು ಹಾರುವಂತೆ ಕೂಗಿದರು.

ಜಗಲಿಯಿಂದ ಆಗಷ್ಟೇ ಒಳಗೆ ಬಂದಿದ್ದ ಪ್ರಮೀಳಾ ಎದ್ದು ನಿಂತಳು. "ಅಲ್ಲ ಟೀಚರ್. ಇದು ಲಾಂಗ್. ಪರ್ಪಲ್. ಮತ್ತೆ ಓಲ್ಡ್. ತೊಟ್ಟಿನ ಹತ್ರ ತೂತು ಉಂಟು ನೋಡಿ, ಒಳಗೆ ಹುಳ ಇರ್ಬಹುದು."

"ಕೂತ್ಕೋ" ಎಂದೆ.

"ಹುಳ ಉಂಟು ಟೀಚರ್" ಎಂದು ಹೇಳಿಯೇ ಕುಳಿತಳು.

ಪರಿವೀಕ್ಷಕರು ನಗಲಿಲ್ಲ, ಪುಸ್ತಕದಲ್ಲಿ ಏನೋ ಬರೆದುಕೊಂಡರು. ಊಟಕ್ಕೆ ಕುಳಿತಾಗ ಸಾಂಬಾರಿನಿಂದ ಒಂದು ಹೋಳನ್ನು ಎತ್ತಿ ಹಿಡಿದು, "ನಿಮ್ಮ ಸ್ಮಾಲ್ ರೌಂಡ್ ಗ್ರೀನ್ ಇಲ್ಲಿ ಉಂಟಲ್ಲ ಟೀಚರ್, ಭಾರಿ ರುಚಿ ಉಂಟು" ಎಂದರು. ಹೆಡ್‌ಮಾಸ್ಟ್ರು ಮತ್ತೆ ಹದಿನೈದು ದಿವಸ ಮಾತು ಬಿಟ್ಟರು. ಆ ಸಿಟ್ಟನ್ನೆಲ್ಲ ನಾನು ಪ್ರಮೀಳಾಳ ಮೇಲೆ ತೀರಿಸಿದೆ. ಒಂದು ವಾರ ಪೂರ್ತಿ ಅವಳು ಜಗಲಿಯಲ್ಲೇ ಪಾಠ ಕೇಳಿದಳು.

ಇದಾಗಿ ಮೂರು ವರ್ಷ ಕಳೆಯಿತು. ಒಂದು ಸಂಜೆ ನಾನು ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಪ್ರಮೀಳಾ ಅಲೆವೂರಿನ ನಮ್ಮ ಮನೆಯ ಗೇಟು ತಳ್ಳಿಕೊಂಡು ಬಂದಳು. ಪಿಯುಸಿ ಮುಗಿಸಿದ್ದಳು. ಕೈಯಲ್ಲಿ ನಾನು ಸಹಿ ಹಾಕಿದ ಪತ್ರವಿತ್ತು, ಮುಖ ಕೆಂಪಾಗಿತ್ತು.

ಮಣಿಪಾಲದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ, ಪಿಯುಸಿ ಆದವರನ್ನು ತೆಗೆದುಕೊಂಡು ತಾವೇ ಕೆಲಸ ಕಲಿಸುತ್ತಾರಂತೆ. ನಮ್ಮ ಶಾಲೆಯ ಹಳೆಯ ಮಕ್ಕಳು ಮೂವರು ಸಂದರ್ಶನಕ್ಕೆ ಹೋಗಿದ್ದರು, ಇಬ್ಬರು ಹುಡುಗರು ಮತ್ತು ಇವಳು. ಲ್ಯಾಬಿನ ಹಿರಿಯ ಡಾಕ್ಟ್ರು ಮೂವರ ಪತ್ರವನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಹರಡಿದರು. ಮೂವರೂ ಸಿನ್ಸಿಯರ್, ಮೂವರೂ ಒಬೀಡಿಯಂಟ್, ಮೂವರೂ ಪಂಕ್ಚುವಲ್. ಅಷ್ಟಾದರೆ ಹೇಗೋ ನಡೆಯುತ್ತಿತ್ತು. ಹಿಂದೊಮ್ಮೆ ಯಾವನೋ ಹುಡುಗನಿಗೆಂದು ಹರೀಶ ಸೇರಿಸಿದ್ದ ಒಂದು ಸಾಲು ಅಳಿಸದೆ ಉಳಿದಿತ್ತು. ಮೂವರೂ ಒಂದೇ ವರ್ಷ ನಮ್ಮ ಶಾಲೆಯ ವಾಲಿಬಾಲ್ ತಂಡದ ಕ್ಯಾಪ್ಟನ್ ಆಗಿದ್ದರು.

"ಒಂದು ಟೀಮಿಗೆ ಮೂರು ಕ್ಯಾಪ್ಟನ್ ಎಂತಕ್ಕೆ ಅಂತ ಕೇಳಿದ್ರು ಟೀಚರ್. ಅವರಿಬ್ರು ಹೌದು ಸರ್, ನಾವೇ ಕ್ಯಾಪ್ಟನ್ ಅಂದ್ರು. ನಾನು ಬಾಲ್ ಮುಟ್ಟಿಯೇ ಇಲ್ಲ ಸರ್ ಅಂದೆ."

"ಮತ್ತೆ?"

"ಮತ್ತೆಂತ? ನಿನ್ನನ್ನು ಗೊತ್ತಿರುವ ಟೀಚರ್ ಹತ್ರ ನಿಜವಾದ ಪತ್ರ ಬರೆಸಿ ನಾಳೆ ಹತ್ತು ಗಂಟೆಗೆ ತಾ, ಇಲ್ದಿದ್ರೆ ಬೇರೆಯವರನ್ನು ತೆಗಿತೇವೆ ಅಂದ್ರು. ಅವರಿಬ್ರು ಐಸ್‌ಕ್ರೀಂ ತಿಂದು ಮನೆಗೆ ಹೋದ್ರು. ನನಗೆ ಈ ಕೆಲಸ ಬೇಕು ಟೀಚರ್. ಅಮ್ಮನ ಗಂಟು ನೋವು ಜೋರಾಗಿದೆ, ಈ ತಿಂಗಳು ಕಳೆದ್ರೆ ಬುಟ್ಟಿ ನಾನೇ ಹೊರ್ಬೇಕು. ಬುಟ್ಟಿ ಹೊರ್ಲಿಕ್ಕೆ ನನಗೆ ನಾಚಿಕೆ ಇಲ್ಲ. ಆದ್ರೆ ನಿಮ್ಮ ವಾಲಿಬಾಲಿನಿಂದ ಕೆಲಸ ಹೋದ್ರೆ ನಾಚಿಕೆ."

ನಾನು ಅವಳನ್ನು ಚಾವಡಿಯಲ್ಲಿ ಕೂರಿಸಿ ಪೆನ್ನು ಹಾಳೆ ತೆಗೆದುಕೊಂಡೆ. ಇಂಗ್ಲಿಷ್ ಬರೆಯುವುದು ನನಗೇನು ಹೊಸತೇ ಎಂಬ ಗತ್ತು ಬೇರೆ ಇತ್ತು. ಹೆಸರು ಬರೆದೆ. ಆಮೇಲೆ ಪೆನ್ನು ನಿಂತಿತು.

"ಪಂಕ್ಚುವಲ್..." ಎಂದು ಗೊಣಗಿದೆ.

"ದಿನಾ ಲೇಟ್ ಬರ್ತಿದ್ದೆ ಟೀಚರ್."

"ಒಬೀಡಿಯಂಟ್?"

"ಜಗಲಿಯಲ್ಲಿ ಯಾರು ನಿಲ್ಸಿದ್ದು?"

"ಮಾತು ಸ್ವಲ್ಪ ಮೆತ್ತಗೆ ಅಂತ ಬರಿಬಹುದಾ ಮಾರಾಯ್ತಿ?" ಎಂದೆ. ಒಳಗೆ ಚಹಾ ಮಾಡುತ್ತಿದ್ದ ನನ್ನ ಯಜಮಾನರು ಗಟ್ಟಿಯಾಗಿ ನಕ್ಕರು. ಅವಳ ಮಾತು ಅಡುಗೆಮನೆಗೆ ಮಾತ್ರವಲ್ಲ, ಗೇಟಿನ ಆಚೆಗೂ ಕೇಳುತ್ತಿತ್ತು.

ಸಾವಿರಾರು ಮಕ್ಕಳಿಗೆ ಗುಣವಾಚಕ ಕಲಿಸಿದ್ದೇನೆ. ಎದುರಿಗೆ ಕುಳಿತ ಒಬ್ಬ ಹುಡುಗಿಗೆ ಹೊಂದುವ ಒಂದೇ ಒಂದು ಗುಣ ನನ್ನ ಬಳಿ ಇರಲಿಲ್ಲ. ಎರಡು ವರ್ಷ ನನ್ನ ಕಣ್ಣ ಮುಂದೆ ಇದ್ದವಳು! ಕೊನೆಗೆ ಸೋತು, ನಾಲ್ಕು ವರ್ಷದ ಹಿಂದೆಯೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ. "ಎಂತ ಕೆಲಸ ಇತ್ತು ನಿನಗೆ, ದಿನಾ ಬೆಳಿಗ್ಗೆ?"

ಅವಳು ಹೇಳಿದಳು. ಅಮ್ಮ ತಂದ ಮೀನನ್ನು ಇವಳು ಕುಳಿತು ಆರಿಸಬೇಕಿತ್ತು. ಕಿವಿರು ಎತ್ತಿ ನೋಡಿ, ಕಣ್ಣು ನೋಡಿ, ಬೆರಳಲ್ಲಿ ಒತ್ತಿ, ನಿನ್ನೆಯ ಬಂಗುಡೆ ಬೇರೆ, ಇವತ್ತಿನ ಬಂಗುಡೆ ಬೇರೆ. ಅಮ್ಮನಿಗೆ ಕಣ್ಣು ಮಂಜು. ಗೊತ್ತಿಲ್ಲದೆ ಹಳೆಯದನ್ನು ತಾಜಾ ಎಂದು ಹೇಳಿ ಮಾರಿದರೆ ಮರುದಿನ ಆ ಮನೆಯವರು ಬಾಗಿಲು ತೆರೆಯುವುದಿಲ್ಲ. "ಹಾಗೆ ಎಲ್ಲ ನೋಡಿ ಕಳಿಸಿಯೇ ಶಾಲೆಗೆ ಬರುದು. ಅರ್ಧ ನೋಡಿ ಬಂದ್ರೆ ಆಗ್ಲಿಕ್ಕಿಲ್ಲ ಅಲ್ವಾ ಟೀಚರ್?"

ನನಗೆ ತುಂಬ ನಾಚಿಕೆಯಾಯಿತು. ಇವಳು ಒಂದೊಂದು ಮೀನನ್ನು ಕಿವಿರು ಎತ್ತಿ ನೋಡುತ್ತಿದ್ದಾಗ ನಾನು ಮಕ್ಕಳ ಮುಖ ಕೂಡ ನೋಡದೆ ಕಟಪಾಡಿಯಲ್ಲಿ ಸಹಿ ಗೀಚುತ್ತಿದ್ದೆ. ಬದನೆಯ ಮುಂದೆ ಕುಳಿತು ರೌಂಡ್, ಗ್ರೀನ್ ಎಂದು ಕೂಗಿದ ಮಕ್ಕಳಿಗೂ ನನಗೂ ಏನೂ ವ್ಯತ್ಯಾಸವಿರಲಿಲ್ಲ. ಮಕ್ಕಳಾದರೆ ನಾನು ಹೇಳಿಕೊಟ್ಟದ್ದನ್ನು ಹೇಳಿದರು.

ಆಮೇಲೆ ಪೆನ್ನು ತಾನಾಗಿ ಓಡಿತು. ನಾನು ಬರೆದದ್ದರ ಸಾರ ಇಷ್ಟು: 'ಈ ಹುಡುಗಿ ನನ್ನ ತರಗತಿಗೆ ಹೆಚ್ಚಿನ ದಿನ ತಡವಾಗಿ ಬರುತ್ತಿದ್ದಳು, ತಾಯಿಯ ಮೀನು ಆರಿಸಿಕೊಟ್ಟು ಬರುತ್ತಿದ್ದಳು. ಕಾರಣವನ್ನು ನಾನು ಇವತ್ತಿನವರೆಗೆ ಕೇಳಿರಲಿಲ್ಲ. ವಾದ ಮಾಡುತ್ತಾಳೆ. ಒಮ್ಮೆ ಅಧಿಕಾರಿಯ ಎದುರಿಗೆ ನನ್ನನ್ನು ತಿದ್ದಿದಳು. ಅವಳು ಹೇಳಿದ್ದು ಸರಿ ಇತ್ತು, ನಾನು ಅದಕ್ಕೆ ಶಿಕ್ಷೆ ಕೊಟ್ಟೆ. ಕೆಟ್ಟದ್ದನ್ನು ಕೆಟ್ಟದ್ದು ಎಂದೇ ಹೇಳುತ್ತಾಳೆ, ಅದು ಯಾರ ಮೇಜಿನ ಮೇಲಿದ್ದರೂ. ವಾಲಿಬಾಲ್ ಆಡಿಲ್ಲ.'

ಪ್ರಮೀಳಾ ಎರಡು ಸಲ ಓದಿದಳು. "ಇದನ್ನು ಓದಿದ್ರೆ ಯಾರು ಕೆಲಸ ಕೊಡ್ತಾರೆ ಟೀಚರ್?" ಎಂದಳು. ಆ ಅನುಮಾನ ನನಗೂ ಇತ್ತು.

ಮರುದಿನ ರಜೆ ಹಾಕಿ ನಾನೂ ಅವಳೊಡನೆ ಮಣಿಪಾಲದ ಬಸ್ಸು ಹತ್ತಿದೆ. ಅವಳು ಒಳಗೆ ಹೋದಳು, ನಾನು ಹೊರಗೆ ಬೆಂಚಿನಲ್ಲಿ ಕುಳಿತೆ. ರಕ್ತ ಕೊಡಲು ಬಂದವರೆಂದುಕೊಂಡು ಒಬ್ಬಳು ನರ್ಸ್ ಎರಡು ಸಲ ನನ್ನ ರವಿಕೆಯ ತೋಳು ಮಡಚಲು ಬಂದಳು. ನನ್ನ ಪರೀಕ್ಷೆಯ ಫಲಿತಾಂಶಕ್ಕೂ ನಾನು ಅಷ್ಟು ಹೆದರಿದ್ದಿಲ್ಲ. ನಾನು ಬರೆದ ಪ್ರಾಮಾಣಿಕ ಪತ್ರ ಆ ಹುಡುಗಿಯ ತಲೆಯ ಮೇಲೆ ಬುಟ್ಟಿ ಹೊರಿಸಿದರೆ ಏನು ಗತಿ ಎಂದು ಬಾಗಿಲನ್ನೇ ನೋಡುತ್ತಿದ್ದೆ.

ಅರ್ಧ ಗಂಟೆಯ ಮೇಲೆ ಹಿರಿಯ ಡಾಕ್ಟ್ರು ತಾವೇ ಪತ್ರ ಹಿಡಿದುಕೊಂಡು ಹೊರಗೆ ಬಂದರು, ಹಿಂದೆ ಪ್ರಮೀಳಾ.

"ಇದು ನೀವೇ ಬರೆದದ್ದಾ ಟೀಚರ್?"

"ಹೌದು."

"ಅಧಿಕಾರಿ ಎದುರು ತಿದ್ದಿದ್ದು ಎಂತದನ್ನು?"

ಬೇರೆ ದಾರಿಯಿಲ್ಲದೆ ಬದನೆಯ ಕತೆ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಗಂಭೀರವಾಗಿ, "ಇಲ್ಲಿಗೆ ಬರುವ ಸ್ಯಾಂಪಲ್ ಸರಿ ಇಲ್ದಿದ್ರೆ ಸರಿ ಇಲ್ಲ ಅಂತ ಹೇಳುವವರೇ ನಮಗೆ ಬೇಕು. ಸೋಮವಾರದಿಂದ ಬರ್ಲಿ. ಆದ್ರೆ ಎಂಟೂವರೆ ಅಂದ್ರೆ ಎಂಟೂವರೆ" ಎಂದರು.

"ಬಸ್ಸೇ ಲೇಟಾದ್ರೆ ಸರ್?" ಎಂದಳು ಪ್ರಮೀಳಾ. ನಾನು ಅವಳ ಕಾಲು ತುಳಿದೆ.

ಅಂದು ಸಂಜೆಯೇ ಕಟಪಾಡಿಯಲ್ಲಿ ಇಳಿದು ಹರೀಶನ ಅಂಗಡಿಗೆ ನುಗ್ಗಿದೆ. "ಲಲಿತಾ ಟೀಚರ್ ಗುಡ್ ಅಂತ ಉಂಟಲ್ಲ, ಅದನ್ನು ನನ್ನ ಎದುರೇ ಅಳಿಸು" ಎಂದೆ. ಅವನು ಅಳಿಸಿದ. ನನ್ನ ಮುಖ ನೋಡಿ ಕನಿಕರಪಟ್ಟು, "ಬೇಜಾರು ಮಾಡ್ಬೇಡಿ ಟೀಚರ್, ಬ್ಯಾಕಪ್ ಉಂಟು" ಎಂದ. ಅವನಿಗೆ ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ.

ಅಂದಿನಿಂದ ನಿವೃತ್ತಿಯ ದಿನದವರೆಗೂ ಪತ್ರಗಳನ್ನು ಕೈಯಲ್ಲೇ ಬರೆದೆ. ಪತ್ರ ಬೇಕಾದವರು ಮನೆಗೆ ಬಂದು ಅರ್ಧ ಗಂಟೆ ಕೂತು ಮಾತಾಡಬೇಕು ಎಂದು ಕಟ್ಟು ಮಾಡಿದೆ. ಕೆಲವರು ಆ ಹಿಂಸೆಗಿಂತ ಪತ್ರ ಬೇಡವೆಂದು ಹೋದರು. ಪಾಠದಲ್ಲಿ ಮಾದರಿ ವಾಕ್ಯ ಬಿಟ್ಟು, ದಿನಕ್ಕೊಂದು ಮಗು ಮನೆಯಿಂದ ಒಂದು ವಸ್ತು ತರಬೇಕು, ಉಳಿದವರು ಮುಟ್ಟಿ, ಮೂಸಿ, ತಿರುಗಿಸಿ ನೋಡದೆ ಅದರ ಬಗ್ಗೆ ಒಂದು ಪದವೂ ಹೇಳಬಾರದು ಎಂದು ಮಾಡಿದೆ. ಬೂತಾಯಿ ಮೀನು ಬಂದ ದಿನ ತರಗತಿಯಲ್ಲಿ ಸ್ವಲ್ಪ ಕಷ್ಟವಾಯಿತು. ಹೆಡ್‌ಮಾಸ್ಟ್ರು ಬದಲಾಗಿದ್ದರು. ಹೊಸಬರು ಮಾತು ಬಿಡುವ ಜಾತಿಯವರಲ್ಲ, ಮೂಗು ಮುಚ್ಚಿಕೊಂಡು ಹೋದರು.

ನನ್ನ ಬೀಳ್ಕೊಡುಗೆಯಲ್ಲಿ ಶಾಲು, ಹಣ್ಣಿನ ಬುಟ್ಟಿ, ಗಾಜಿನ ಚೌಕಟ್ಟು ಹಾಕಿದ ಮಾನಪತ್ರ ಕೊಟ್ಟರು. ಹಳೆಯ ವಿದ್ಯಾರ್ಥಿಗಳ ಪರವಾಗಿ ಓದಲು ವೇದಿಕೆ ಹತ್ತಿದವಳು ಪ್ರಮೀಳಾ. ಈಗ ಅವಳು ಆ ಲ್ಯಾಬಿನಲ್ಲಿ ಹೊಸಬರಿಗೆ ಕೆಲಸ ಕಲಿಸುತ್ತಾಳೆ. "ಶಾಂತಮೂರ್ತಿ, ಮೃದುಭಾಷಿ, ಸರಳ ಸಜ್ಜನಿಕೆಯ..." ಎಂದು ಓದುತ್ತಿದ್ದಂತೆ ಹಿಂದಿನ ಸಾಲಿನ ಮಕ್ಕಳು ಕಿಸಕ್ಕೆಂದರು. "ಮೂವತ್ತು ವರ್ಷ ಮನೆಮನೆಗೆ ಟಪಾಲು ತಲುಪಿಸಿದ..." ಎನ್ನುವಾಗ ಪ್ರಮೀಳಾಳೇ ನಿಂತುಬಿಟ್ಟಳು. ಹರೀಶ ಹಿಂದಿನ ವಾರ ನಿವೃತ್ತರಾದ ಪೋಸ್ಟ್‌ಮ್ಯಾನಿನ ಮಾನಪತ್ರದಲ್ಲಿ ಹೆಸರು ಮಾತ್ರ ಬದಲಿಸಿದ್ದ. ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಕುಳಿತು ಚಪ್ಪಾಳೆ ಹೊಡೆಯುತ್ತಿದ್ದ.

ಪ್ರಮೀಳಾ ಚೌಕಟ್ಟನ್ನು ಮೇಜಿನ ಮೇಲಿಟ್ಟು ಬ್ಯಾಗಿನಿಂದ ಒಂದು ಪೆನ್ನು ತೆಗೆದಳು. ಲ್ಯಾಬಿನಲ್ಲಿ ಗಾಜಿನ ಬಾಟಲಿಯ ಮೇಲೆ ಹೆಸರು ಬರೆಯುವ ದಪ್ಪ ಪೆನ್ನು. ಮಾನಪತ್ರದ ಗಾಜಿನ ಮೇಲೆಯೇ ಉದ್ದಕ್ಕೆ ಒಂದು ಗೀಟು ಎಳೆದು, ಕೆಳಗೆ ಎರಡು ಸಾಲು ಬರೆದು, ಮೈಕಿನಲ್ಲಿ ಓದಿದಳು.

'ಸಿಟ್ಟು ಜಾಸ್ತಿ. ತಪ್ಪಾದರೆ ಇನ್ನೊಮ್ಮೆ ಕೂತು ಬರೆಯುತ್ತಾರೆ.
ಪರೀಕ್ಷಿಸಿ ನೋಡಿದ್ದು, ಪ್ರಮೀಳಾ.'

ನನಗೆ ಅಳು ಬಂತು. ಎಲ್ಲರೆದುರು ಅತ್ತೆ, ಮುಚ್ಚಿಡುವುದೇನಿದೆ?

ಚೌಕಟ್ಟು ಈಗ ನಮ್ಮ ಚಾವಡಿಯಲ್ಲಿದೆ. ನೋಟ್ಸ್ ಕೇಳಿದ ಹೊಸ ಟೀಚರ್ ಒಮ್ಮೆ ಮನೆಗೆ ಬಂದು ಅದನ್ನು ಓದಲಿ, ಚಹಾ ಕೊಡುತ್ತೇನೆ. ಬರುವಾಗ ಅವಳ ತರಗತಿಯಲ್ಲಿ ದಿನಾ ತಡವಾಗಿ ಬರುವ ಮಗು ಯಾವುದು, ಬೆಳಿಗ್ಗೆ ಅದಕ್ಕೆ ಎಂತ ಕೆಲಸ ಇರುತ್ತದೆ ಎಂದು ಕೇಳಿಕೊಂಡು ಬರಲಿ. ವಾರಕ್ಕೊಮ್ಮೆ ಆ ಗಾಜು ಒರೆಸುವುದು ನನ್ನ ಯಜಮಾನರ ಪಾಲಿನ ಕೆಲಸ. ಆ ಎರಡು ಸಾಲಿಗೆ ಬಟ್ಟೆ ತಾಗಿಸಬಾರದು, ಸುತ್ತ ಮಾತ್ರ ಒರೆಸಬೇಕು ಎಂದು ಅವರಿಗೆ ಹೇಳಿಟ್ಟಿದ್ದೇನೆ. ಮೃದುವಾಗಿಯೇನೂ ಹೇಳಲಿಲ್ಲ.